ಹನ್ನೆರಡು ಹಳದಿ ಅಂಗಿ

"ಕೈ ಇಳಿಸ್ಬೇಡ್ರೋ! ನಾನು ಎಣಿಸೋ ತನಕ ಯಾರೂ ಕೈ ಇಳಿಸೋ ಹಾಗಿಲ್ಲ!"

ಪೂರ್ಣೇಶ್ ಧ್ವಜದ ಕಟ್ಟೆಯ ಮೇಲೆ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ. ಚಪ್ಪಲಿ ಹಾಕಿಕೊಂಡು ಕಟ್ಟೆ ಹತ್ತಿದರೆ ಹೆಡ್‌ಮಾಸ್ಟರ್ ಕಿವಿ ಹಿಂಡುತ್ತಾರೆಂದು ಚಪ್ಪಲಿಯನ್ನು ಕೆಳಗೇ ಬಿಟ್ಟಿದ್ದ. ಹೊಸನಗರದ ಆ ಶಾಲೆಯಲ್ಲಿ ಬಿಸಿಯೂಟ ಮುಗಿದು ತಟ್ಟೆ ತೊಳೆದಾಗಿತ್ತು. ಆರನೇ ಕ್ಲಾಸಿನವರು, ಏಳನೇ ಕ್ಲಾಸಿನವರು, ಏನು ನಡೆಯುತ್ತಿದೆ ಎಂದೇ ಗೊತ್ತಿಲ್ಲದ ಮೂರನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು, ಎಲ್ಲರೂ ಕಟ್ಟೆಯ ಸುತ್ತ ಸೇರಿದ್ದರು.

"ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಇಪ್ಪತ್ತಾರು!" ಪೂರ್ಣೇಶ್ ಕೂಗಿದ. ಇಂಗ್ಲೆಂಡಿನ ಆ ಫುಟ್‌ಬಾಲ್ ಕ್ಲಬ್ಬಿನ ಫ್ಯಾನ್‌ಗಳ ಪಾರ್ಟಿಗೆ ಅವನೇ ಲೀಡರ್.

"ಸುಳ್ಳು!" ದೀಪಕ್ ಮುಂದೆ ನುಗ್ಗಿದ. ಅವನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಪಾರ್ಟಿ. "ಆ ಮೂರನೇ ಕ್ಲಾಸಿನೋರು ನಮಗೂ ಕೈ ಎತ್ತಿದ್ರು, ನಿಮಗೂ ಎತ್ತಿದ್ರು. ನೀನು ಅವ್ರಿಗೆ ಚಿಕ್ಕಿ ಹಂಚಿದೀಯ. ನಾನೇ ನೋಡಿದೀನಿ."

"ಚಿಕ್ಕಿ ಕೊಟ್ರೆ ತಪ್ಪೇನೋ? ಹಸಿವಾಗಿತ್ತು ಪಾಪ."

"ಪ್ರಪಂಚದಲ್ಲೇ ಜಾಸ್ತಿ ಫ್ಯಾನ್ಸ್ ಇರೋದು ಮ್ಯಾಡ್ರಿಡ್‌ಗೆ. ಬೇಕಾದ್ರೆ ಇನ್‌ಸ್ಟಾಗ್ರಾಮ್ ತೆಗೆದು ನೋಡು."

"ಅದ್ರಲ್ಲಿ ಅರ್ಧ ಫೇಕ್ ಅಕೌಂಟು."

"ನೀನೇ ಫೇಕು!"

ಎರಡು ಪಾರ್ಟಿಯೂ ಸೇರಿ ಗಲಾಟೆ ಎಬ್ಬಿಸಿದವು. ಪೂರ್ಣೇಶ್ ಕೈ ಬೀಸಿ ಎಲ್ಲರನ್ನೂ ಸುಮ್ಮನಾಗಿಸಿ, ನಗುತ್ತಾ ಕೇಳಿದ. "ಇನ್ಯಾವುದಾದ್ರೂ ಕ್ಲಬ್ ಇದ್ಯೇನ್ರಪ್ಪಾ? ಇದ್ರೆ ಈಗಲೇ ಕೈ ಎತ್ತಿ."

ಒಂದು ಕೈ ಮೇಲೆದ್ದಿತು. ಆರನೇ ಕ್ಲಾಸಿನ ಜ್ವಾಲಾಮಾಲಿನಿಯದು.

"ಬೊರುಸಿಯಾ ಡಾರ್ಟ್‌ಮಂಡ್" ಎಂದಳು.

ಕಟ್ಟೆಯ ಸುತ್ತ ನಗು ಸಿಡಿಯಿತು. ಪೂರ್ಣೇಶ್ ಹಣೆಗೆ ಕೈ ಅಡ್ಡ ಹಿಡಿದು, ದೂರದಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಹುಡುಕುವವನಂತೆ ಇಡೀ ಮೈದಾನವನ್ನು ನೋಡಿದ. ಆಮೇಲೆ ಒಂದೇ ಬೆರಳು ಎತ್ತಿ ತೋರಿಸಿದ. "ಒಂದು!"

"ಹಳದಿ ಕಪ್ಪು ಡ್ರೆಸ್ಸಲ್ವೇನೇ ಅವ್ರದು? ಆಟೋ ಟೀಮು!" ದೀಪಕ್ ಹಾರ್ನ್ ಹೊಡೆದ ಹಾಗೆ ಬಾಯಲ್ಲಿ ಸದ್ದು ಮಾಡಿದ. "ಫೈನಲ್‌ನಲ್ಲಿ ನಮ್ಮ ಮ್ಯಾಡ್ರಿಡ್ ಹತ್ರ ಎರಡು ಗೋಲ್ ತಿಂದೋರು!"

ಜ್ವಾಲಾಳ ಕಿವಿ ಬಿಸಿಯಾಯಿತು. ಎತ್ತಿದ ಕೈ ನೋಯತೊಡಗಿತು. ಆದರೂ ಅವಳು ಕೈ ಇಳಿಸಲಿಲ್ಲ. ಹಟ ಅವಳಿಗೆ ಹುಟ್ಟಿನಿಂದಲೇ ಬಂದದ್ದು. ತೊಟ್ಟಿಲಿನಲ್ಲಿದ್ದಾಗಲೇ ಬಿಟ್ಟಿಲ್ಲ, ಈಗ ಬಿಡುತ್ತಾಳೆಯೇ?

"ಒಂದಾದ್ರೆ ಒಂದು" ಎಂದಳು. "ಬರ್ಕೋ."

ಅಷ್ಟರಲ್ಲಿ ಗಲಾಟೆ ಕೇಳಿ ಮಂಜುನಾಥಪ್ಪ ಸರ್ ಬಂದರು. ಅವರು ಆ ಶಾಲೆಯ ಪಿ.ಟಿ. ಮಾಸ್ಟರು. ವಾಲಿಬಾಲ್, ಖೊಖೊ, ಕಬಡ್ಡಿ ಎಂದು ಇಪ್ಪತ್ತು ವರ್ಷ ಕಳೆದ ಮೇಲೆ ಈ ವರ್ಷ ಮೊದಲ ಸಲ ಶಾಲೆಗೊಂದು ಫುಟ್‌ಬಾಲ್ ಟೀಮ್ ಕಟ್ಟಿದ್ದರು. ಮುಂದಿನ ತಿಂಗಳು ಸಾಗರದಲ್ಲಿ ಶಾಲೆ ಶಾಲೆಗಳ ನಡುವೆ ಪಂದ್ಯ ಇತ್ತು. ಟೀಮಿನಲ್ಲಿ ಮೂವರು ಹುಡುಗಿಯರು. ಅವರಲ್ಲಿ ಜ್ವಾಲಾ ಡಿಫೆನ್ಸ್. ಹಳೇ ವಿದ್ಯಾರ್ಥಿ ಒಬ್ಬರು ಇಡೀ ಟೀಮಿಗೆ ಅಂಗಿ ಕೊಡಿಸುತ್ತೇನೆ, ಬಣ್ಣ ಯಾವುದು ಹೇಳಿ ಎಂದಿದ್ದರು. ಅಲ್ಲಿಂದಲೇ ಈ ಜಗಳ ಶುರುವಾಗಿತ್ತು. ಯುನೈಟೆಡ್ ಪಾರ್ಟಿಗೆ ಕೆಂಪು ಬೇಕು, ಮ್ಯಾಡ್ರಿಡ್ ಪಾರ್ಟಿಗೆ ಬಿಳಿ ಬೇಕು. ಫ್ಯಾನ್ಸ್ ಜಾಸ್ತಿ ಯಾರಿಗಿದ್ದಾರೋ ಅವರ ಬಣ್ಣ ಎಂದು ಸರ್ ಬಾಯಿತಪ್ಪಿ ಹೇಳಿಬಿಟ್ಟಿದ್ದರು.

"ಸರ್, ಪ್ರಪಂಚದಲ್ಲಿ ಮ್ಯಾಡ್ರಿಡ್‌ಗೇ ಜಾಸ್ತಿ ಸರ್" ಎಂದ ದೀಪಕ್.

"ಪ್ರಪಂಚದ ಲೆಕ್ಕ ಕಟ್ಕೊಂಡು ನಂಗೇನಾಗ್ಬೇಕು ಮಾರಾಯ? ಹೊಸನಗರದ ಲೆಕ್ಕ ಕೊಡಿ. ನಾಳೆ ಸಂತೆ. ಹಳ್ಳಿಹಳ್ಳಿಯಿಂದ ಜನ ಪೇಟೆಗೆ ಬರ್ತಾರೆ. ಯಾವ ಕ್ಲಬ್ಬಿನ ಅಂಗಿ ಹಾಕ್ಕೊಂಡೋರು ಎಷ್ಟು ಜನ ಅಂತ ಸ್ಕೂಲ್ ಬಿಟ್ಟ ಮೇಲೆ ಎಣಿಸಿ. ಕೇಳಿ ಫೋಟೋ ತೆಗೀಬೇಕು. ಬಾಯಿ ಲೆಕ್ಕ ನಡಿಯಲ್ಲ. ಶನಿವಾರ ಒಂದು ದಿನ ಮನೆ ಫೋನ್ ತರಕ್ಕೆ ಪರ್ಮಿಷನ್ ಕೊಡ್ತೀನಿ. ಜಾಸ್ತಿ ಯಾರದೋ ಅವ್ರ ಬಣ್ಣ. ಆಮೇಲೆ ಯಾರೂ ಪಿಟಿಪಿಟಿ ಅನ್ನೋ ಹಾಗಿಲ್ಲ."

ಬೆಲ್ ಹೊಡೆಯಿತು. ಕ್ಲಾಸಿಗೆ ಹೋಗುವಾಗ ದೀಪಕ್ ಹಿಂದಿನಿಂದ ಬಂದ. "ಜ್ವಾಲಾ, ನೀನು ಸಂತೆಗೆಲ್ಲ ಹೋಗೋದು ಬೇಡ ಕಣೆ. ಕನ್ನಡಿ ಮುಂದೆ ನಿಂತು ಒಂದು ಫೋಟೋ ತೆಕ್ಕೋ. ಮುಗೀತು ನಿನ್ನ ಲೆಕ್ಕ."

ಜ್ವಾಲಾ ಹೆಜ್ಜೆ ಜೋರು ಮಾಡಿ ಕ್ಲಾಸಿಗೆ ಹೋದಳು. ಆದರೆ ಗಣಿತದ ಪೀರಿಯಡ್ ಪೂರ್ತಿ ಅವಳಿಗೆ ಬೋರ್ಡಿನ ಮೇಲೆ ಬರೀ ಒಂದು, ಒಂದು, ಒಂದು ಎಂದೇ ಕಂಡಿತು.

ಬಸ್‌ಸ್ಟ್ಯಾಂಡ್ ಹತ್ತಿರ ಇರುವ ಪದ್ಮಾವತಿ ಡ್ರೆಸಸ್ ಜ್ವಾಲಾಳ ಅಪ್ಪ ಪುಷ್ಪರಾಜ್ ಅವರ ಅಂಗಡಿ. ರೆಡಿಮೇಡ್ ಬಟ್ಟೆ, ಸ್ಕೂಲ್ ಯೂನಿಫಾರ್ಮ್, ಜೆರ್ಸಿ, ಎಲ್ಲ ಸಿಗುತ್ತದೆ. ಶಾಲೆ ಬಿಟ್ಟ ಮೇಲೆ ಅವಳು ಸೀದಾ ಅಲ್ಲಿಗೇ ಬರುವುದು. ಹಿಂದಿನ ಚಿಕ್ಕ ಕೋಣೆಯಲ್ಲಿ ಕುಮುದಕ್ಕ ಕೆಲಸ ಮಾಡುತ್ತಾರೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಗುಂಡಿ ಹೊಲಿಯುವುದು, ಬಿಸಿ ಮೆಷಿನ್ನಿನಲ್ಲಿ ಒತ್ತಿ ಜೆರ್ಸಿಗೆ ಹೆಸರು, ನಂಬರ್ ಅಂಟಿಸುವುದು, ಎಲ್ಲ ಅವರದೇ. ಸಂಜೆ ಆರರ ಬಸ್ಸಿಗೆ ಹುಲಿಕಲ್ ಕಡೆ ಅವರ ಊರಿಗೆ ಹೋಗುತ್ತಾರೆ.

ಜ್ವಾಲಾ ಡಾರ್ಟ್‌ಮಂಡ್ ಫ್ಯಾನ್ ಆಗಿದ್ದೂ ಈ ಅಂಗಡಿಯಿಂದಲೇ. ಎರಡು ವರ್ಷದ ಹಿಂದೆ ಜೆರ್ಸಿಯ ಬಂಡಲ್ ಬಿಚ್ಚಿದಾಗ ಕೆಂಪು, ಬಿಳಿ, ನೀಲಿಯ ನಡುವೆ ಒಂದಿಷ್ಟು ಹಳದಿ ಇದ್ದವು. ಯಾರೂ ಕೊಳ್ಳಲಿಲ್ಲ. ಅದರಲ್ಲಿದ್ದ ಒಂದೇ ಒಂದು ಚಿಕ್ಕ ಸೈಜಿನ ಅಂಗಿಯನ್ನು ಅಪ್ಪ ಅವಳಿಗೆ ಕೊಟ್ಟರು. ಎದೆಯ ಮೇಲೆ ಬಿವಿಬಿ ಎಂದು ಬರೆದಿದ್ದ ಗುಂಡನೆಯ ಗುರುತು ಯಾವುದು ಎಂದು ಅವಳು ಅಪ್ಪನ ಹಳೇ ಫೋನಿನಲ್ಲಿ ಹುಡುಕಿದಳು. ಒಂದು ವಿಡಿಯೊ ಸಿಕ್ಕಿತು.

ಆ ದಿನ ಗೆದ್ದಿದ್ದರೆ ಡಾರ್ಟ್‌ಮಂಡ್ ಜರ್ಮನಿಯ ಚಾಂಪಿಯನ್. ಗೆಲ್ಲಲಿಲ್ಲ. ಎರಡು ಎರಡು ಸಮ ಆಗಿ ಪಟ್ಟ ಕೈತಪ್ಪಿತು. ಆಟಗಾರರು ಹುಲ್ಲಿನ ಮೇಲೆ ಕುಸಿದು ಅತ್ತರು. ಗೋಲಿನ ಹಿಂದೆ ಒಂದು ದೊಡ್ಡ ಗ್ಯಾಲರಿ. ಅಲ್ಲಿ ಕೂರಲು ಕುರ್ಚಿಯೇ ಇಲ್ಲ, ಸಾವಿರಾರು ಜನ ನಿಂತೇ ಆಟ ನೋಡುತ್ತಾರೆ. ಅವರೂ ಅತ್ತರು. ಆದರೆ ಮನೆಗೆ ಹೋಗಲಿಲ್ಲ. ಸೋತು ನಿಂತವರಿಗಾಗಿ ಚಪ್ಪಾಳೆ ತಟ್ಟಿ ಹಾಡಿದರು. ಜ್ವಾಲಾ ಆ ವಿಡಿಯೊವನ್ನು ಏಳು ಸಲ ನೋಡಿದಳು. ಎಂಟನೇ ಸಲ ಕುಮುದಕ್ಕನಿಗೆ ತೋರಿಸಿದಳು.

"ಇಷ್ಟು ಜನ ಎಂತಕ್ಕೆ ಅಳ್ತಿದಾರೆ?" ಎಂದು ಕುಮುದಕ್ಕ ಕೇಳಿದ್ದರು. ಜ್ವಾಲಾ ಎಲ್ಲವನ್ನೂ ವಿವರಿಸಿದ್ದಳು.

ಅಲ್ಲಿಂದ ಪ್ರತಿ ಸೋಮವಾರ ನಾಲ್ಕೂವರೆಗೆ, ಟೀ ಹೊತ್ತಿನಲ್ಲಿ, ದಾರದ ಡಬ್ಬಕ್ಕೆ ಫೋನ್ ಒರಗಿಸಿ ಇಬ್ಬರೂ ಹಿಂದಿನ ವಾರದ ಮ್ಯಾಚಿನ ಹೈಲೈಟ್ಸ್ ನೋಡುವುದು ರೂಢಿಯಾಯಿತು. ಕುಮುದಕ್ಕನ ಮನೆ ಹತ್ತಿರ ನೆಟ್‌ವರ್ಕ್ ಇಲ್ಲ. ಜ್ವಾಲಾ ಬಾಯಿ ತೆರೆದರೆ ಸಾಕು, "ಹೇಳ್ಬೇಡ, ಎಷ್ಟಾಯ್ತು ಅಂತ ಹೇಳ್ಬೇಡ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ತನ್ನನ್ನು ಖುಷಿಪಡಿಸಲು ಹಾಗೆ ಮಾಡುತ್ತಾರೆ ಎಂದೇ ಜ್ವಾಲಾ ಅಂದುಕೊಂಡಿದ್ದಳು. ದೊಡ್ಡವರು ಮಕ್ಕಳ ಜೊತೆ ಹಾಗೆಲ್ಲ ಮಾಡುತ್ತಾರಲ್ಲ.

ಅವತ್ತು ಸಂಜೆ ಜ್ವಾಲಾ ಸ್ಟೂಲ್ ಹತ್ತಿ ಮೇಲಿನ ಅಟ್ಟದಲ್ಲಿದ್ದ ಹಳದಿ ಅಂಗಿಗಳ ಕಟ್ಟನ್ನು ಇಳಿಸಿದಳು. ಸಂತೆಯ ಲೆಕ್ಕದ ವಿಷಯವನ್ನು ಕುಮುದಕ್ಕನಿಗೆ ಹೇಳುತ್ತಾ ಧೂಳು ಕೊಡವಿ ಎಣಿಸಿದಳು. ಹನ್ನೆರಡಿದ್ದವು. ಅಂಗಡಿಯ ಮುಂದಿನ ಹಗ್ಗಕ್ಕೆ ಒಂದೊಂದಾಗಿ ನೇತು ಹಾಕಿದಳು. ಕೆಂಪು, ಬಿಳಿ ಅಂಗಿಗಳನ್ನು ಒಳಗಿನ ಮೂಲೆಗೆ ತಳ್ಳಿದಳು.

"ಎಂತದೇ ಇದು?" ಅಪ್ಪ ಕೇಳಿದರು. "ಓಡದೇ ಇರೋ ಮಾಲನ್ನ ಮುಂದೆ ಹಾಕಿದೀಯ."

"ಈ ಸಲ ಓಡುತ್ತೆ ಅಪ್ಪ. ನೋಡ್ತಿರಿ."

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಸಂತೆಯ ಗದ್ದಲವೋ ಗದ್ದಲ. ಪೂರ್ಣೇಶ್ ತನ್ನ ಸೈನ್ಯ ಕಟ್ಟಿಕೊಂಡು ಮೀನು ಮಾರುವವರ ಸಾಲಿನಲ್ಲಿ ಸುತ್ತುತ್ತಿದ್ದ. ದೀಪಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಇಳಿಯುವ ಪ್ರತಿಯೊಬ್ಬರ ಎದೆ ಬೆನ್ನು ಎರಡನ್ನೂ ಪರೀಕ್ಷೆ ಮಾಡುತ್ತಿದ್ದ. ಜ್ವಾಲಾ ತನ್ನ ಹಳದಿ ಅಂಗಿ ಹಾಕಿಕೊಂಡು ಅಂಗಡಿಯ ಬಾಗಿಲಲ್ಲೇ ಕೂತಳು. ಸಂತೆಗೆ ಬಂದವರಲ್ಲಿ ಒಬ್ಬರ ಮೈಮೇಲೂ ಹಳದಿ ಕಾಣಲಿಲ್ಲ. ಅಂಗಡಿಗೆ ಬಂದವರೂ ಹಳದಿಯನ್ನು ಸರಿಸಿ ಒಳಗೆ ಹೋದರು. ಐದು ಗಂಟೆ ಹೊತ್ತಿಗೆ ಅವಳಿಗೆ ಅಳುವೇ ಬಂದಂತಾಯಿತು.

ಆಗ ಒಂದು ಪಿಕಪ್ ಬಂದು ಅಂಗಡಿಯ ಮುಂದೆ ನಿಂತಿತು. ಹಿಂದಿನಿಂದ ಯುವಕರು ದಬದಬ ಇಳಿದರು. ಎಲ್ಲರಿಗಿಂತ ಎತ್ತರ ಇದ್ದವನು ನೇತು ಹಾಕಿದ ಅಂಗಿಗಳನ್ನು ನೋಡಿ ಸೀಟಿ ಹೊಡೆದ.

"ಪುಷ್ಪರಾಜಣ್ಣ, ಹಳದಿ ಎಷ್ಟಿದಾವೆ?"

"ಹನ್ನೆರಡಿದಾವೆ ಶ್ರೀಶ. ಎಲ್ಲಿದ್ಯೋ, ಕಾಣದೇ ಬಾಳ ದಿನ ಆಯ್ತು."

"ನಾವೂ ಹನ್ನೆರಡೇ ಜನ! ಅಷ್ಟೂ ಕೊಡಿ." ಶ್ರೀಶ ಅರಳಸುರಳಿ ಎಂಬ ಊರಿನ ವಾಲಿಬಾಲ್ ಟೀಮಿನ ಕ್ಯಾಪ್ಟನ್. "ರಾಜ್ಯೋತ್ಸವ ಕಪ್ಪಿಗೆ ಆಡಕ್ಕೆ ಹೊರಟಿದೀವಿ ಅಣ್ಣ. ಹಳದಿ ಅಂಗಿ, ಮೇಲೆ ಕೆಂಪಕ್ಷರ. ನಮ್ಮ ಬಾವುಟದ ಬಣ್ಣ. ಹೆಂಗಿರುತ್ತೆ?"

ಹನ್ನೆರಡು! ಜ್ವಾಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನೂ ಸೇರಿದರೆ ಹದಿಮೂರು. ಸಂತೆಯಲ್ಲಿ ಹದಿಮೂರು ಜನ ಬೇರೆ ಯಾರಿಗೂ ಸಿಗಲಿಕ್ಕಿಲ್ಲ.

"ಅಣ್ಣ, ಹಾಕ್ಕೊಂಡು ನೋಡಿ" ಎಂದಳು. "ಸೈಜ್ ಸರಿ ಇದ್ಯಾ ಅಂತ ಗೊತ್ತಾಗ್ಬೇಕಲ್ವಾ? ಒಂದು ಫೋಟೋನೂ ತೆಗೀತೀನಿ, ಟೀಮ್ ಫೋಟೋ."

ಫೋಟೋ ಎಂದರೆ ಬೇಡ ಎನ್ನುವವರು ಯಾರು? ಹನ್ನೆರಡೂ ಜನ ಅಂಗಿಯ ಮೇಲೇ ಅಂಗಿ ಹಾಕಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಹೆಬ್ಬೆರಳು ತೋರಿಸಿದರು. ಎಲ್ಲರ ಎದೆಯ ಮೇಲೂ ಅದೇ ಗುರುತು. ಜ್ವಾಲಾ ಎರಡು ಸಲ ಕ್ಲಿಕ್ ಮಾಡಿದಳು.

"ಇದೆಂತ ಪುಟ್ಟಿ, ಬಿವಿಬಿ?" ಶ್ರೀಶ ಎದೆಯ ಮೇಲಿನ ಗುರುತನ್ನು ಬೆರಳಿನಿಂದ ಕೆರೆದು ಕೇಳಿದ. "ಬಟ್ಟೆ ಕಂಪನಿನಾ? ಬಣ್ಣ ಬಿಡಲ್ಲ ತಾನೇ?"

"ಬಿಡಲ್ಲ ಅಣ್ಣ" ಎಂದಳು ಜ್ವಾಲಾ. ಉಳಿದದ್ದನ್ನು ಹೇಳಲಿಲ್ಲ. ಹೇಳಬೇಕಿತ್ತು ಎಂದು ಅವಳಿಗೇ ಅನಿಸಿತು. ಆದರೆ ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹನ್ನೆರಡೂ ಅಂಗಿ ಹಿಂದಿನ ಕೋಣೆಗೆ ಹೋದವು. ಶ್ರೀಶನೂ ಹೋದ, ಹಿಂದೆಯೇ ಜ್ವಾಲಾ. ಕುಮುದಕ್ಕ 'ಅರಳಸುರಳಿ ಫ್ರೆಂಡ್ಸ್' ಎಂದು ಕೆಂಪು ಹಾಳೆಯಲ್ಲಿ ಕತ್ತರಿಸಿ ಇಟ್ಟುಕೊಂಡು ಎಲ್ಲಿ ಅಂಟಿಸಬೇಕು ಎಂದು ಕೇಳಿದರು.

"ಇಲ್ಲೇ ಎದೆ ಮೇಲೆ ಹಾಕಿ ಅಕ್ಕ. ಈ ರೌಂಡ್ ಇದ್ಯಲ್ಲ, ಇದು ಮುಚ್ಚಿ ಹೋಗ್ಬೇಕು. ಯಾವನದೋ ಗುರ್ತು ನಮಗ್ಯಾಕೆ?"

ಮೆಷಿನ್ ಬಿಸಿಯಾಗಿ ಕೆಂಪು ದೀಪ ಹತ್ತಿತು. ಕುಮುದಕ್ಕ ಮೊದಲ ಅಂಗಿಯನ್ನು ಹಾಸಿ, ಸುಕ್ಕು ತೆಗೆದು, ಗುರುತಿನ ಮೇಲೆ ಅಕ್ಷರ ಇಟ್ಟರು. ಒತ್ತಲಿಲ್ಲ. ಅಕ್ಷರವನ್ನು ತೆಗೆದರು. ಮತ್ತೆ ಇಟ್ಟರು. ಮತ್ತೆ ತೆಗೆದರು.

"ಏನಾಯ್ತಕ್ಕ?" ಎಂದ ಶ್ರೀಶ.

"ಇಲ್ಲಿ ಬೇಡ" ಎಂದರು ಕುಮುದಕ್ಕ. ಶ್ರೀಶನ ಮುಖ ನೋಡಲಿಲ್ಲ. "ಈ ರೌಂಡಿನ ಮೇಲೆ ಅಂಟ್ಸಿದ್ರೆ ಎರಡು ಒಗೆತಕ್ಕೆ ಎದ್ದು ಬರುತ್ತೆ. ನಿಮ್ಮೂರ ಹೆಸ್ರು ಉದ್ದ ಇದೆ. ಕೆಳಗೆ ಅಡ್ಡಕ್ಕೆ, ದೊಡ್ಡದಾಗಿ ಹಾಕ್ತೀನಿ. ನೆಟ್ ಆಚೆ ಇರೋರಿಗೂ ಓದಕ್ಕೆ ಬರ್ಬೇಕು."

"ಹಂಗಾದ್ರೆ ಹಂಗೇ ಹಾಕಿ. ನಿಮಗೆ ಗೊತ್ತಿರುತ್ತಲ್ಲ" ಎಂದು ಶ್ರೀಶ ಹೊರಗೆ ಹೋದ.

ಕುಮುದಕ್ಕ ಒಂದೊಂದೇ ಅಂಗಿಗೆ ಒತ್ತಿದರು. ಹನ್ನೆರಡು ಎದೆಗಳ ಮೇಲೆ ಕೆಂಪಗೆ ಅರಳಸುರಳಿಯ ಹೆಸರು ಮೂಡಿತು. ಅದರ ಮೇಲ್ಗಡೆ ಆ ಗುಂಡನೆಯ ಗುರುತು ಹಾಗೇ ಉಳಿಯಿತು. ಪಿಕಪ್ ಹೊರಟು ಹೋದ ಮೇಲೆ ಜ್ವಾಲಾ ಕೋಣೆಯ ಬಾಗಿಲಲ್ಲಿ ನಿಂತಳು.

"ಕುಮುದಕ್ಕ, ರೌಂಡಿನ ಮೇಲೆ ಅಂಟ್ಸಿದ್ರೆ ನಿಜಕ್ಕೂ ಎದ್ದು ಬರುತ್ತಾ?"

"ಎಂತದೂ ಬರಲ್ಲ. ಎಷ್ಟೋ ಅಂಗಿಗೆ ಹಾಗೇ ಮುಚ್ಚಿದೀನಿ."

"ಮತ್ತೆ?"

ಕುಮುದಕ್ಕ ಮೆಷಿನ್ನಿನ ಸ್ವಿಚ್ ಆರಿಸಿದರು. ಕೆಂಪು ಹಾಳೆಯ ಚೂರುಗಳನ್ನು ಗುಡಿಸಿ ಒಟ್ಟು ಮಾಡಿದರು.

"ಕೈ ಬರ್ಲಿಲ್ಲ ಕಣೆ. ಅವತ್ತು ನೀನು ತೋರಿಸ್ದಲ್ಲ, ಸೋತು ಅಷ್ಟು ಜನ ಅಳ್ತಾ ನಿಂತಿದ್ರಲ್ಲ, ಅವ್ರ ಎದೆ ಮೇಲೆ ಇದ್ದಿದ್ದೂ ಇದೇ ಗುರ್ತಲ್ವಾ? ಅದ್ರ ಮೇಲೆ ನಾನು ಹೆಂಗೆ ಬಿಸಿ ಇಟ್ಟು ಮುಚ್ಲಿ?" ಚೂರುಗಳನ್ನು ಬುಟ್ಟಿಗೆ ಹಾಕಿದರು. "ಗಿರಾಕಿಗೆ ಸುಳ್ಳು ಹೇಳಿದ್ದು ನಿಮ್ಮಪ್ಪಂಗೆ ಹೇಳ್ಬೇಡ ಮತ್ತೆ. ಅಯ್ಯೋ, ಬಸ್ಸು!"

ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿದರು. ಜ್ವಾಲಾ ಅಲ್ಲೇ ನಿಂತಿದ್ದಳು. ಎರಡು ವರ್ಷದಿಂದ ದಾರದ ಡಬ್ಬದ ಮುಂದೆ ತನ್ನ ಪಕ್ಕದಲ್ಲಿ ಕೂತಿದ್ದ ಕುಮುದಕ್ಕನನ್ನು ಅವಳು ಅವತ್ತು ಮೊದಲ ಸಲ ನೋಡಿದ ಹಾಗಿತ್ತು.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಸರ್ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೈಯಲ್ಲಿ ಪೆನ್ನು, ತೊಡೆಯ ಮೇಲೆ ಹಾಜರಿ ಪುಸ್ತಕ, ಅದರ ಮೇಲೊಂದು ಬಿಳಿ ಹಾಳೆ.

"ಯುನೈಟೆಡ್, ಹನ್ನೊಂದು ಸರ್!" ಪೂರ್ಣೇಶ್ ಫೋನ್ ಚಾಚಿದ.

ಸರ್ ಒಂದೊಂದೇ ಫೋಟೋ ಸರಿಸಿದರು. ಮೆಣಸಿನಕಾಯಿ ಮಾರುವ ಅಜ್ಜ. ಐಸ್‌ಕ್ರೀಂ ಗಾಡಿಯವನು. ಕೋಳಿ ಹಿಡಿದ ಹೆಂಗಸು, ಗಂಡನ ಅಂಗಿ ಹಾಕಿಕೊಂಡವಳು. ಒಂದು ಫೋಟೋ ಹತ್ತಿರ ನಿಂತರು. "ಇದೆಂತದೋ? ಇದ್ರಲ್ಲಿ ಮನುಷ್ಯರು ಎಲ್ಲಿದಾರೆ?"

"ಅಂಗಿ ತಂತಿ ಮೇಲೆ ಒಣಗ್ತಿದೆ ಸರ್. ಮನುಷ್ಯರು ಮನೆಯೊಳಗೆ ಇರ್ತಾರೆ."

"ತಂತಿಗೆಲ್ಲ ವೋಟಿಲ್ಲ. ಹತ್ತು." ಸರ್ ಬರೆದುಕೊಂಡರು. "ಮ್ಯಾಡ್ರಿಡ್?"

"ನಮ್ದೂ ಹತ್ತು ಸರ್!" ದೀಪಕ್ ತನ್ನ ಫೋನ್ ಕೊಟ್ಟ. ಕೊನೆಯ ಫೋಟೋ ಬಂದಾಗ ಹಿಂದಿನಿಂದ ಇಣುಕುತ್ತಿದ್ದ ಪೂರ್ಣೇಶ್ ಬಿದ್ದುಬಿದ್ದು ನಕ್ಕ. ಗದ್ದೆಯ ಬದುವಿನಲ್ಲಿ ಬೆದರುಬೊಂಬೆಯೊಂದು ಕೈ ಚಾಚಿ ನಿಂತಿತ್ತು. ತಲೆಗೆ ಮಡಕೆ, ಮೈಗೆ ಬಿಳಿ ಮ್ಯಾಡ್ರಿಡ್ ಅಂಗಿ.

"ಬೆರ್ಚಪ್ಪ ಸರ್! ಬೆರ್ಚಪ್ಪನ್ನ ಲೆಕ್ಕ ಹಿಡಿದಿದಾನೆ!"

"ಅಂಗಿ ಹಾಕಿದ್ಯೋ ಇಲ್ವೋ? ಅಂಗಿ ಹಾಕಿದ್ರೆ ಆಯ್ತು ಅಂತ ಸರ್ ಹೇಳಿದಾರೆ" ಎಂದು ದೀಪಕ್ ವಾದ ಮಾಡಿದ.

"ಹಾಕಿದೆ ಮಾರಾಯ. ಅದಕ್ಕೆ ಯಾವನೋ ಹಾಕ್ಸಿದಾನೆ. ಅದಕ್ಕೇನು ಗೊತ್ತು?" ಎಂದು ನಗುತ್ತಾ ಸರ್ ಒಂಬತ್ತು ಎಂದು ಬರೆದರು.

ಎಲ್ಲರೂ ನಗುತ್ತಿದ್ದರು. ಜ್ವಾಲಾ ಮಾತ್ರ ನಗಲಿಲ್ಲ. ಅವಳ ಕೈಯಲ್ಲಿದ್ದ ಫೋನಿನಲ್ಲಿ ಹನ್ನೆರಡು ಜನ ಹೆಬ್ಬೆರಳು ತೋರಿಸುತ್ತಾ ನಿಂತಿದ್ದರು. ಬಟ್ಟೆ ಕಂಪನಿನಾ ಎಂದು ಕೇಳಿದವರು. ಅವರು ಅರಳಸುರಳಿಯವರು, ಅರಳಸುರಳಿಗಾಗಿ ಆಡುವವರು. ಅವರಿಗೆ ಹಳದಿ ಅಂಗಿ ಹಾಕಿಸಿ, ಹೆಸರು ಅಂಟಿಸುವ ಮೊದಲೇ ಗಡಿಬಿಡಿಯಲ್ಲಿ ಫೋಟೋ ತೆಗೆದದ್ದು ತಾನೇ. ಅವಳಿಗೆ ಆ ಬೆದರುಬೊಂಬೆಯ ಮಡಕೆ ತಲೆ ಮತ್ತೆ ಮತ್ತೆ ನೆನಪಾಯಿತು.

ತೋರಿಸಿದರೆ ಹದಿಮೂರು. ತೋರಿಸಿದರೆ ಸಾಗರದ ಮೈದಾನದಲ್ಲಿ ಇಡೀ ಶಾಲೆ ಹಳದಿ ಹಾಕಿಕೊಂಡು ಓಡುತ್ತದೆ. ದೀಪಕ್ ಕೂಡ. ಪೂರ್ಣೇಶ್ ಕೂಡ. ಆ ಹಾರ್ನ್ ಸದ್ದು ಇನ್ನೊಮ್ಮೆ ಕೇಳುವುದಿಲ್ಲ. ಅವಳಿಗೆ ಅದು ಬೇಕಿತ್ತು. ಬಹಳ ಬೇಕಿತ್ತು.

ಫೋಟೋದಲ್ಲಿ ಹನ್ನೆರಡು ಜನರ ಹಿಂದೆ ಹಿಂದಿನ ಕೋಣೆಯ ತೆರೆದ ಬಾಗಿಲಲ್ಲಿ ಕುಮುದಕ್ಕ ಮಸುಕಾಗಿ ಕಾಣುತ್ತಿದ್ದರು. ಹಸಿರು ಚೂಡಿದಾರ, ಕೈ ಮೆಷಿನ್ನಿನ ಮೇಲೆ. ಅವರ ಮೈಮೇಲೆ ಹಳದಿಯ ಚೂರೂ ಇರಲಿಲ್ಲ.

"ಜ್ವಾಲಾ, ನಿಂದು?" ಸರ್ ಕೇಳಿದರು.

ಜ್ವಾಲಾ ಫೋನನ್ನು ಜೇಬಿಗೆ ಹಾಕಿದಳು.

"ಎರಡು ಸರ್."

"ಎರಡಾ!" ಪೂರ್ಣೇಶ್ ಹುಬ್ಬು ಏರಿಸಿದ. "ಒಂದು ನೀನು. ಇನ್ನೊಬ್ರು ಯಾರು? ಫೋಟೋ ತೋರ್ಸು."

"ಫೋಟೋ ಇಲ್ಲ. ಅವ್ರ ಹತ್ರ ಅಂಗಿನೇ ಇಲ್ಲ."

"ಸರ್, ಅಂಗಿ ಇಲ್ದೇ ಇರೋರು ಲೆಕ್ಕಕ್ಕಿಲ್ಲ ಸರ್! ರೂಲ್ಸ್ ಅಂದ್ರೆ ರೂಲ್ಸ್!"

ಸರ್ ಪೆನ್ನು ಎತ್ತಿ ಹಿಡಿದು ಅವಳನ್ನು ನೋಡಿದರು. "ಅಂಗಿ ಇಲ್ಲ ಅಂದ್ರೆ ಫ್ಯಾನ್ ಅಂತ ಹೆಂಗೆ ಗೊತ್ತಾಯ್ತಮ್ಮ?"

ಜ್ವಾಲಾ ಯೋಚಿಸಿದಳು. ಬಿಸಿ ಮೆಷಿನ್ನಿನ ವಿಷಯ ಹೇಳುವ ಹಾಗಿರಲಿಲ್ಲ, ಕುಮುದಕ್ಕನಿಗೆ ಮಾತು ಕೊಟ್ಟಂತಾಗಿತ್ತು. ಹೇಳಿದರೂ ಇವರಿಗೆ ಅರ್ಥವಾಗುತ್ತಿತ್ತೋ ಇಲ್ಲವೋ.

"ನಂಗೆ ಗೊತ್ತು ಸರ್" ಎಂದಳು. "ಬೇಕಾದ್ರೆ ಲೆಕ್ಕ ಹಿಡೀಬೇಡಿ. ಕೆಂಪೇ ಆಗ್ಲಿ, ನಾನು ಹಾಕ್ಕೊಂಡು ಆಡ್ತೀನಿ. ಆದ್ರೆ ನಮ್ದು ಒಂದಲ್ಲ. ಎರಡು. ಬರ್ಕೊಳ್ಳಿ."

ದೀಪಕ್ ಬಾಯಿಯಲ್ಲಿ ಹಾರ್ನ್ ಹೊಡೆದ. ಇಬ್ಬರು ಮೂವರು ನಕ್ಕರು. ಜ್ವಾಲಾ ಅವನ ಕಡೆ ತಿರುಗಿ, ಅವನು ಸುಸ್ತಾಗಿ ನಿಲ್ಲಿಸುವವರೆಗೂ ಸುಮ್ಮನೆ ನೋಡಿದಳು. ಅಷ್ಟರಲ್ಲಿ ಸರ್ ಹಾಳೆಯ ಮೇಲೆ ಮೂರನೇ ಸಾಲು ಎಳೆದಿದ್ದರು. ಡಾರ್ಟ್‌ಮಂಡ್ ಎಂಬ ಹೆಸರು ಅವರಿಗೆ ಸರಿಯಾಗಿ ಬರೆಯಲು ಬರಲಿಲ್ಲ. ಎದುರಿಗೆ ಎರಡು ಎಂದು ಮಾತ್ರ ದುಂಡಗೆ ಬರೆದರು.

ಟೀಮಿಗೆ ಕೆಂಪು ಬಣ್ಣ ಆಯಿತು.

ಸಂಜೆ ಅಂಗಡಿಗೆ ಹೋದಾಗ ಕುಮುದಕ್ಕ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದರು. ತಲೆ ಎತ್ತದೆ ಕೇಳಿದರು. "ಎಷ್ಟಾಯ್ತೇ ನಮ್ದು?"

ಜ್ವಾಲಾ ಬ್ಯಾಗ್ ಇಳಿಸುತ್ತಿದ್ದವಳು ಹಾಗೇ ನಿಂತಳು. ನಮ್ದು ಎಂದಿದ್ದರು ಕುಮುದಕ್ಕ. ಯೋಚನೆ ಮಾಡಿ ಹೇಳಿದ ಮಾತೂ ಅಲ್ಲ, ಬಾಯಲ್ಲಿ ಸೂಜಿ ಕಚ್ಚಿಕೊಂಡು ಹೇಳಿದ್ದು.

"ಎರಡು" ಎಂದಳು.

"ಅಷ್ಟೇನಾ? ಆ ಹನ್ನೆರಡು ಜನ?"

"ಅವ್ರು ಅರಳಸುರಳಿಯೋರು ಅಕ್ಕ."

ಕುಮುದಕ್ಕ ಬಾಯಿಂದ ಸೂಜಿ ತೆಗೆದು ಅವಳನ್ನು ಒಮ್ಮೆ ನೋಡಿದರು. ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಕೆಳಗಿಟ್ಟು ಅವಳಿಗೆ ಜಾಗ ಮಾಡಿದರು.

"ಇವತ್ತು ಮ್ಯಾಚ್ ಇದೆಯಲ್ವಾ?"

"ಏಳು ಗಂಟೆಗೆ. ಊಟ ಮುಗಿಸಿ ನೋಡ್ತೀನಿ." ಜ್ವಾಲಾಳದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. "ಗಟ್ಟಿ ಟೀಮು ಅಕ್ಕ ಇವತ್ತು. ಸೋಲ್ತೀವೇನೋ."

ಆರು ಗಂಟೆ ಹತ್ತಿರವಾಯಿತು. ಕುಮುದಕ್ಕ ಬ್ಯಾಗ್ ಹೆಗಲಿಗೆ ಹಾಕಿ ಮೆಟ್ಟಿಲಿಳಿದರು. ಜ್ವಾಲಾ ಬಾಗಿಲವರೆಗೂ ಬಂದಳು. ಎದುರಿಗೇ ಬಸ್ಸು ನಿಂತು ಹಾರ್ನ್ ಹೊಡೆಯುತ್ತಿತ್ತು.

"ಸೋಮವಾರ ನಾನು ಬರೋ ತನಕ ಏನಾಯ್ತು ಅಂತ ಬಾಯಿ ಬಿಡ್ಬೇಡ, ನೋಡು" ಎಂದರು ಕುಮುದಕ್ಕ.

"ಸೋತ್ರೂ ನೋಡ್ತೀರಾ?"

ಕುಮುದಕ್ಕ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. "ಎಂತ ಕೇಳ್ತೀಯೇ ನೀನು! ಸೋತ್ರೆ ಬಿಟ್ಟು ಹೋಗೋದಾ?"

ಬಸ್ಸು ಹೊರಟಿತು. ಜ್ವಾಲಾ ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಮೂಲೆಗೆ ತಳ್ಳಿದ್ದ ಕೆಂಪು, ಬಿಳಿ ಅಂಗಿಗಳನ್ನು ತಂದು ಒಂದೊಂದಾಗಿ ಮುಂದಿನ ಹಗ್ಗಕ್ಕೆ ನೇತು ಹಾಕಿದಳು.

ಆ ಸಂಜೆಯ ಮ್ಯಾಚ್ ಏನಾಯಿತು ಎಂದು ಅಪ್ಪ ಕೇಳಿದರು, ಅಮ್ಮ ಕೇಳಿದರು, ಸೋಮವಾರ ಬೆಳಿಗ್ಗೆ ದೀಪಕ್ ಕೂಡ ಕೆಣಕಿ ಕೇಳಿದ. ಅವಳು ಯಾರಿಗೂ ಹೇಳಲಿಲ್ಲ. ನಾಲ್ಕೂವರೆ ಆಗಬೇಕಿತ್ತು.